ಜೇಮರ್‌ಸನ್ ನಾದಕ್ಕೆ ಬೇಸ್ ಹದ ಮಾಡಿದ್ದು

ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ 1960ರ ದಶಕದುದ್ದಕ್ಕೂ ಬೇಸ್ (ತಗ್ಗು ಸ್ವರದ ನಾಲ್ಕು ತಂತಿಯ ಗಿಟಾರ್) ನುಡಿಸಿದ ಜೇಮ್ಸ್ ಜೇಮರ್‌ಸನ್ (1936–1983) ತಂತಿ ತುಂಡಾದ ಹೊರತು ಬದಲಿಸುತ್ತಿರಲಿಲ್ಲ. ಹೊಸ ತಂತಿಯ ಝಣಝಣ ಅವರಿಗೆ ಬೇಕಿರಲಿಲ್ಲ. ಅವರ ಆ ತುಂಬಿದ, ಗಿಡ್ಡ ನಾದವನ್ನು ನನ್ನ ಪ್ರಿಸಿಷನ್ ಮಾದರಿಯ ಬೇಸ್‌ನಲ್ಲಿ ತರಲು ಮಾಡಿದ್ದು ಇಷ್ಟು.

ಅವರದು ಲಾ ಬೆಲ್ಲಾ ಫ್ಲಾಟ್‌ವೌಂಡ್ ತಂತಿ (ಚಪ್ಪಟೆ ಲೋಹದ ಪಟ್ಟಿ ಸುತ್ತಿದ, ನುಣುಪಾದ ತಂತಿ): ಎಲ್ಲಕ್ಕಿಂತ ತೆಳುವಾದ ಜಿ 0.052 ಇಂಚು, ಎಲ್ಲಕ್ಕಿಂತ ದಪ್ಪನೆಯ ಇ 0.110. ಅಂಗಡಿಯಿಂದ ಬರುವ ಬೇಸ್‌ಗೆ ಸಾಮಾನ್ಯವಾಗಿ 0.045ರಿಂದ 0.105ರ ತಂತಿ ಇರುತ್ತದೆ. ದಪ್ಪ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಸೀಳುಪಟ್ಟಿ) ಹಳೇ ಸೀಳಿನಲ್ಲಿ ತಳಕ್ಕೆ ಕೂರುವುದಿಲ್ಲ. ಮೊದಲ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದರೆ ಶ್ರುತಿ ಏರುತ್ತದೆ. ಸೀಳನ್ನು ನಟ್ ಅರದಿಂದ ಅಗಲ ಮಾಡಬೇಕೇ ಹೊರತು ಆಳ ಮಾಡಬಾರದು. ಆಳವಾದರೆ ಬಿಟ್ಟ ತಂತಿ (ಬೆರಳು ಒತ್ತದೆ ಮೀಟಿದ ತಂತಿ) ಫ್ರೆಟ್‌ಗೆ ತಾಗಿ ಕಿರಿಕಿರಿ ಎನ್ನುತ್ತದೆ. ಜೇಮರ್‌ಸನ್ ನಿಲ್ಲಿಸಿ ನುಡಿಸುವ, ಪಿಟೀಲಿನಾಕಾರದ ದೊಡ್ಡ ಡಬಲ್ ಬೇಸ್‌ನಿಂದ ಬಂದವರು, ಬಿಟ್ಟ ತಂತಿಯನ್ನು ಧಾರಾಳವಾಗಿ ಬಳಸಿದವರು. ಅದು ಕೆಟ್ಟರೆ ಈ ಶೈಲಿಯೇ ಕೈಗೆ ಬಾರದು.

ದಪ್ಪ ತಂತಿಯಿಂದ ಬಿಗಿತ ಹೆಚ್ಚಿ ನೆಕ್ (ಕತ್ತು) ಮುಂದಕ್ಕೆ ಬಾಗುತ್ತದೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು ಏಳನೆಯದಕ್ಕೂ ತಂತಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತೇನೆ; 0.3 ಮಿ.ಮೀ. ಸಂದಿ ಸಾಕು. ಟ್ರಸ್ ರಾಡ್ (ಬಾಗು ಸರಿಪಡಿಸುವ, ನೆಕ್ ಒಳಗಿನ ಸರಳು) ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಅಳತೆ. ಮಳೆಗಾಲದಲ್ಲಿ ಇದನ್ನು ಮತ್ತೊಮ್ಮೆ ಮಾಡಲೇಬೇಕು. ತಂತಿಯ ಎತ್ತರ 12ನೇ ಫ್ರೆಟ್‌ನಲ್ಲಿ ಇ 3 ಮಿ.ಮೀ., ಜಿ 2.5. ಬೆರಳಿಗೆ ಕಷ್ಟ, ಆದರೆ ಜೋರಾಗಿ ಮೀಟಿದರೂ ತಂತಿ ಫ್ರೆಟ್‌ಗೆ ಬಡಿಯುವುದಿಲ್ಲ.

ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳನ್ನು ಹೊತ್ತ ಭಾಗ) ಪಕ್ಕ ತಂತಿಗಳಡಿ ಪಾತ್ರೆ ತೊಳೆಯುವ ಸ್ಪಂಜಿನ ಪಟ್ಟಿ, ಉಜ್ಜುವ ಹಸಿರು ಪದರ ಕಿತ್ತು. ತಂತಿಗೆ ತಾಗಬೇಕು, ಎತ್ತಬಾರದು. ದಪ್ಪ ಹೆಚ್ಚಾದರೆ ಸ್ವರ ಸತ್ತು ‘ಟಕ್’ ಮಾತ್ರ ಉಳಿಯುತ್ತದೆ. ಇ ತಂತಿ ಸುಮಾರು ಒಂದು ಸೆಕೆಂಡ್ ಉಳಿಯುವಂತೆ ಕತ್ತರಿಸಿದ್ದೇನೆ. ಇಟ್ಟ ಮೇಲೆ ಶ್ರುತಿ ಮತ್ತೆ ನೋಡಬೇಕು. ರಸಮಂಜರಿ ವೇದಿಕೆಯ ದೊಡ್ಡ ಸಬ್‌ವೂಫರ್‌ಗಳಲ್ಲಿ ಈ ಸ್ಪಂಜೇ ನನ್ನ ದೊಡ್ಡ ಆಸರೆ: ಬೇಸ್ ಗುಂಯ್‌ಗುಡದೆ ಕಿಕ್ ಡ್ರಮ್‌ಗೆ ಜಾಗ ಬಿಡುತ್ತದೆ.

ಇನ್ನು ಬಲಗೈ. ಅವರು ಮೀಟಿದ್ದು ತೋರುಬೆರಳೊಂದರಿಂದಲೇ. ಎರಡು ಬೆರಳ ಅಭ್ಯಾಸ ಬಿಡುವುದು ತಂತಿ ಬದಲಿಸುವುದಕ್ಕಿಂತ ಕಷ್ಟ. ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 60ರಲ್ಲಿಟ್ಟು, ಜಿ ತಂತಿಯಿಂದ ಡಿಗೆ, ಡಿಯಿಂದ ಎಗೆ ಅದೇ ಎಳೆತದಲ್ಲಿ ಬೆರಳು ಜಾರಿಸಬೇಕು, ಮತ್ತೆ ಮೀಟಬಾರದು. ಮೂರು ಸ್ವರವೂ ಒಂದೇ ತೂಕದಲ್ಲಿ ಕೇಳಿದ ಮೇಲಷ್ಟೇ ವೇಗ ಏರಿಸುವುದು.