ಟ್ಯಾಂಕ್ ತುಂಬಿದ್ರೆ ಸೆಲ್ ಖಾಲಿ

ನಮ್ ಏರಿಯಾಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರತ್ತೆ, ಸಂಪಿಂದ ಮೇಲಕ್ಕೆ ಮೋಟರ್ ಹಾಕಿ ಮರೆತ್ರೆ ಟೆರೇಸೆಲ್ಲ ಹೊಳೆ. ಅದಕ್ಕೇ ಒಂದು 3.3 ವೋಲ್ಟ್ ಪ್ರೋ ಮಿನಿ (ಪುಟ್ಟ ಆರ್ಡುಯಿನೋ) ಬೋರ್ಡು, ಎನ್‌ಆರ್‌ಎಫ್24 ರೇಡಿಯೋ, ನೀರು ಏರಿದ್ರೆ ತೇಲಿ ಸರ್ಕ್ಯೂಟ್ ಕೂಡ್ಸೋ ಎರಡು ಫ್ಲೋಟ್ ಸ್ವಿಚ್ ಬೆಂಗಳೂರಿನ ಎಸ್‌ಪಿ ರೋಡಿಂದ ತಂದು, ಟ್ಯಾಂಕ್ ತುಂಬಿತು ಅಂತ ರೇಡಿಯೋಲಿ ತಿಳಿಸೋ ಡಬ್ಬಾ ಒಂದನ್ನ ಕಟ್ಟಿದೆ.

ಮೊದಲ್ನೇ ಸಲ ಎಎ ಸೆಲ್ ಹಾಕಿದ್ದೆ, ಮೂರು ವಾರ ಕೂಡ ಬರ್ಲಿಲ್ಲ. ತಪ್ಪು ನಂದೇ, ಸ್ಲೀಪ್ ಮಾಡಿಸೋ ಬದ್ಲು ಡಿಲೇ (ಸುಮ್ನೆ ಕಾಯೋ ಆದೇಶ) ಕೊಟ್ಟು ಕೂರ್ಸಿದ್ದೆ, ಚಿಪ್ಪು ಪೂರ್ತಿ ಎಚ್ಚರವಾಗೇ ಇರ್ತಿತ್ತು. ಪವರ್ ಡೌನ್ ಮೋಡ್ ಹಾಕಿ, ಪವರ್ ಎಲ್‌ಇಡಿ, ರೆಗ್ಯುಲೇಟರ್ ಎರಡೂ ಕಿತ್ತು, ರೇಡಿಯೋನೂ ಮಲಗ್ಸಿ, ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಭಾಗ) ಆಫ್ ಮಾಡಿದೆ. ಈ ಎಡಿಸಿ ಒಂದನ್ನೇ ಮರೆತ್ರೂ ನೂರು ಚಿಲ್ಲರೆ ಮೈಕ್ರೋ ಆಂಪ್ ಸುಮ್ನೆ ಹೋಗತ್ತೆ. ವೋಲ್ಟೇಜ್ ಕಮ್ಮಿಯಾದ್ರೆ ಚಿಪ್ಪನ್ನ ರೀಸೆಟ್ ಮಾಡೋ ಬ್ರೌನ್ ಔಟ್ ಡಿಟೆಕ್ಟರ್ ಮಾತ್ರ ಒಂದು ಸಂಜೆ ಪೂರ್ತಿ ತಿಂತು, ಯಾಕಂದ್ರೆ ಅದನ್ನ ಆಫ್ ಮಾಡಿದ ಮೂರು ಕ್ಲಾಕ್ ಸೈಕಲ್ ಒಳಗೆ ಸ್ಲೀಪ್‌ಗೆ ಹೋಗ್ಬೇಕು, ನಾನು ನೋಡೋಣ ಅಂತ ಮಧ್ಯೆ ಕಂಪ್ಯೂಟರಿಗೆ ಬರೆದು ಕಳಿಸೋ ಒಂದು ಸೀರಿಯಲ್ ಪ್ರಿಂಟ್ ತುರ್ಕಿದ್ದೆ.

ಅಳೆಯೋವಾಗ ಇನ್ನೊಂದು ಫಜೀತಿ. ಮೀಟರ್ ಮೈಕ್ರೋ ಆಂಪ್ ರೇಂಜಲ್ಲಿ ಇಟ್ರೆ ಅದ್ರೊಳಗೇ ವೋಲ್ಟೇಜ್ ಬಿದ್ದು, ರೇಡಿಯೋ ಕಳಿಸೋ ಹೊತ್ತಿಗೆ ಬೋರ್ಡ್ ರೀಸೆಟ್ ಆಗೋದು. ಕೊನೆಗೆ ಮೀಟರಿನ ಎರಡು ಪ್ರೋಬ್ ಮಧ್ಯೆ ಒಂದು ವೈರ್ ಶಾರ್ಟ್ ಮಾಡಿಟ್ಟು, ಬೋರ್ಡ್ ಮಲಗಿದ್ಮೇಲೆ ಅದನ್ನ ಕಿತ್ತು ನೋಡ್ದೆ: 6 ಮೈಕ್ರೋ ಆಂಪ್! ಆ ಖುಷೀಲಿ ಎಎ ಸೆಲ್ ಬಿಸಾಕಿ ಸಿಆರ್2032 ಕಾಯಿನ್ ಸೆಲ್ ಹಾಕಿ, ರೇಡಿಯೋ ಕಳಿಸೋವಾಗ ಎಳೆಯೋ ಕರೆಂಟಿಗೆ ಅಂತ ಪಕ್ಕದಲ್ಲಿ ಒಂದು ಕೆಪಾಸಿಟರ್ ಇಟ್ಟೆ. ಸೆಲ್ಲಿನ ಸಾಮರ್ಥ್ಯ 225 ಎಂಎಎಚ್ (ಮಿಲಿ ಆಂಪ್ ಗಂಟೆ), ಲೆಕ್ಕದ ಪ್ರಕಾರ ವರ್ಷಗಟ್ಲೆ ಬರ್ಬೇಕು.

ಎರಡು ತಿಂಗಳಿಗೆ ಅಪ್ಪ ಮೇಲಿಂದ ಕೂಗಿದ್ರು, "ಲೋ, ನಿನ್ ಡಬ್ಬಾ ಸತ್ತೋಗಿದೆ, ನೀರು ಹರೀತಿದೆ ಬಾರೋ."

ಕೆಳಗೆ ತಂದು ಅಳೆದೆ, ಮತ್ತೆ ಅದೇ 6. ಹೊಸ ಸೆಲ್ ಹಾಕಿ ಮೇಲೇ ಮೀಟರ್ ಹಿಡಿದ್ರೆ 170ರ ಮೇಲೆ! ಸಂಜೆ ನೋಡಿದ್ರೆ ಅರ್ಧಕ್ಕಿಳಿದಿದೆ. ಬಿಸಿಲು, ತೇವ, ಬೋರ್ಡ್ ಮೇಲೆ ಉಳಿದ ಬೆಸುಗೆ ಫ್ಲಕ್ಸು, ಎಲ್ಲದ್ರ ಮೇಲೂ ಅನುಮಾನ ಪಟ್ಟೆ. ಆಮೇಲೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ರೆ ಅರ್ಧ ನೀರು ಖರ್ಚಾಗಿದೆ, ಮೇಲಿನ ಫ್ಲೋಟ್ ಕೆಳಗಿಳಿದಿದೆ. ಆಗ ಹೊಳೀತು. ಸ್ವಿಚ್‌ಗಳಿಗೆ ಚಿಪ್ಪಿನ ಒಳಗಿನ ಪುಲ್‌ಅಪ್ಪೇ (ಪಿನ್ನನ್ನ ಪ್ಲಸ್ ಕಡೆ ಎಳೆದಿಡೋ ರೆಸಿಸ್ಟರ್) ಬಳಸಿದ್ದೆ, ಅದು 20ರಿಂದ 50 ಕಿಲೋ ಓಮ್ ಇರತ್ತೆ, ಫ್ಲೋಟ್ ಎದ್ದು ಸ್ವಿಚ್ ಮುಚ್ಚಿದ್ರೆ 3 ವೋಲ್ಟಿಗೆ ಒಂದೊಂದ್ರಲ್ಲೂ ಸುಮಾರು 85 ಮೈಕ್ರೋ ಆಂಪ್ ಸೀದಾ ಗ್ರೌಂಡಿಗೆ, ಬೋರ್ಡ್ ಮಲಗಿದ್ರೂ ಅದು ನಿಲ್ಲಲ್ಲ. ಮೇಜಿನ ಮೇಲೆ ಫ್ಲೋಟ್ ಕೆಳಗೆ ಬಿದ್ದಿರ್ತಿತ್ತಲ್ಲ, ಸ್ವಿಚ್ ಓಪನ್ನು, ಎಲ್ಲಿ ಕಾಣ್ಬೇಕು.

ಸರಿಮಾಡಿದ್ದು ನಾಲ್ಕೇ ಸಾಲಲ್ಲಿ. ಎದ್ದಾಗ ಪುಲ್‌ಅಪ್ ಹಾಕು, ಓದು, ಮಲಗೋ ಮುಂಚೆ ಪಿನ್ನನ್ನ ಔಟ್‌ಪುಟ್ ಲೋ ಮಾಡು. ಸ್ವಿಚ್ಚಿನ ಆ ಕಡೇನೂ ಗ್ರೌಂಡೇ ಆದ್ರಿಂದ ಮುಚ್ಚಿದ್ರೂ ಕರೆಂಟ್ ಹರಿಯಲ್ಲ. ಆದ್ರೆ ನಿಮ್ ಸ್ವಿಚ್ಚಿನ ಇನ್ನೊಂದು ತುದಿ ಪ್ಲಸ್ಸಿಗೆ ಹೋಗಿದ್ರೆ ಹೀಗೆ ಮಾಡ್ಬೇಡಿ, ಪಿನ್ ಸುಟ್ಟೋಗ್ಬಹುದು.

ಆ ಸೆಲ್ಲು ಈಗ ಹದಿನಾಲ್ಕು ತಿಂಗಳಿಂದ ನಡೀತಿದೆ, ಟ್ಯಾಂಕ್ ತುಂಬಿರ್ಲಿ ಖಾಲಿಯಿರ್ಲಿ 6. ಆ 6ರಲ್ಲಿ ಮುಕ್ಕಾಲು ಪಾಲು 8 ಸೆಕೆಂಡಿಗೊಮ್ಮೆ ಎಬ್ಸೋ, ಚಿಪ್ಪಿನ ಒಳಗಿನ ವಾಚ್‌ಡಾಗ್ ಟೈಮರ್‌ದೇ, ಬೇರೆ ಟೈಮರ್ ಐಸಿ ಹಾಕಿದ್ರೆ ಅದೂ ಇಳಿಯತ್ತೆ, ಆದ್ರೆ ಆ ಐಸಿ ದುಡ್ಡಿಗೆ ಎಷ್ಟೋ ಸೆಲ್ ಬರತ್ತೆ ಅಂತ ಬಿಟ್ಟಿದೀನಿ.