ಊರಿನ ಹಳೇ ಸಿಪಾಯಿ ಒಬ್ರು ಯುದ್ಧದಲ್ಲಿ ಎಲ್ಲೆಲ್ಲಿ ಇದ್ರು ಅಂತ ಹುಡುಕೋದು ಹೇಗೆ

ಬೆಳಗಾವಿ ಕಡೆ ಎಷ್ಟೋ ಹಳ್ಳಿಗಳಿಂದ ಬ್ರಿಟಿಷರ ಕಾಲದಲ್ಲೇ ಮರಾಠಾ ಪಲ್ಟನ್ನಿಗೆ ಭರ್ತಿಯಾಗಿ ಹೋದೋರಿದ್ದಾರೆ, ಆದ್ರೆ ಮುತ್ತಜ್ಜ ಯಾವ ಯುದ್ಧಕ್ಕೆ ಹೋಗಿದ್ರು ಅಂತ ಕೇಳಿದ್ರೆ "ಎಲ್ಲೋ ಪರದೇಶಕ್ಕೆ ಹೋಗಿದ್ರಂತೆ" ಅನ್ನೋದಕ್ಕೇ ಮಾತು ಮುಗಿಯುತ್ತೆ. ಅಷ್ಟಕ್ಕೇ ಬಿಡಬೇಡಿ, ದಾರಿ ಇದೆ.

ಮೊದಲು ಮನೇಲಿರೋ ಟ್ರಂಕು ತೆಗೀರಿ. ಬೇಕಾಗಿರೋದು ಹೆಸರಿಗಿಂತ ಸೈನ್ಯದಲ್ಲಿ ಅವರಿಗೆ ಕೊಟ್ಟಿದ್ದ ನಂಬರ್. ಮೊದಲ ಮಹಾಯುದ್ಧದ ದುಂಡು ಪದಕ ಆದ್ರೆ ಅಂಚಿನ ಮೇಲೆ, ಸ್ಟಾರ್ ಆದ್ರೆ ಹಿಂದುಗಡೆ, ನಂಬರ್, ಹುದ್ದೆ, ಹೆಸರು, ಪಲ್ಟನ್ ಕೊರೆದಿರ್ತಾರೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಆ ಸಣ್ಣ ಅಕ್ಷರ ಸವೆದು ಹೋಗುತ್ತೆ. ಸೈನ್ಯ ಬಿಟ್ಟಾಗ ಕೊಡೋ ಡಿಸ್ಚಾರ್ಜ್ ಕಾಗದ ಸಿಕ್ಕರಂತೂ ಅದೃಷ್ಟ, ಎರಡೂ ಕಡೆ ಫೋಟೋ ತಗೊಳ್ಳಿ, ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ಎರಡನೇ ಯುದ್ಧದ್ದಾದ್ರೆ ಪದಕವೇ ಊರು ಹೇಳುತ್ತೆ: ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್, ಇಟಲಿ ಸ್ಟಾರ್.

ಆಮೇಲೆ ಪಲ್ಟನ್ ಹೆಸರು. ಇಲ್ಲೇ ಬಹಳ ಜನ ದಾರಿ ತಪ್ಪೋದು, ಯಾಕಂದ್ರೆ 1922ರಲ್ಲಿ ಎಲ್ಲಾ ಹೆಸರೂ ಬದಲಾದ್ವು. 103ನೇ ಪಲ್ಟನ್ನು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಅನ್ನೋ ರೆಜಿಮೆಂಟಿನ 1ನೇ ಬೆಟಾಲಿಯನ್ ಆಯ್ತು, 110ನೇ ಪಲ್ಟನ್ನು ಅದರದೇ 3ನೇ ಬೆಟಾಲಿಯನ್, 117ನೇದು 5ನೇ ಬೆಟಾಲಿಯನ್. ಈ ಮೂರೂ ಹಳೇ ಪಲ್ಟನ್ನಿನವರು ಈಗಿನ ಇರಾಕಿನ ಕುತ್ ಅನ್ನೋ ಊರಲ್ಲಿ 1915ರ ಡಿಸೆಂಬರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಯಲ್ಲಿ ಹಸಿವಿನಿಂದ ನರಳಿ ಕೊನೆಗೆ ಸೆರೆಯಾದ್ರು, ಆ ಸೆರೆಯಲ್ಲಿ ಸತ್ತೋರೂ ತುಂಬಾ. ಅಜ್ಜಿಯರು "ಬಸ್ರಾ" ಅಂತ ಏನಾದ್ರೂ ಅಂದಿದ್ರೆ ಆ ಕಡೆಯೇ ಹುಡುಕಿ.

ಯುದ್ಧದಲ್ಲೇ ತೀರಿಕೊಂಡೋರಾದ್ರೆ, ಅಂಥ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಪುಕ್ಕಟೆ ಹುಡುಕಬಹುದು. ಇಂಗ್ಲಿಷಲ್ಲಿ ಹೆಸರು ಹೆಂಗೆಂಗೋ ಬರೆದಿರ್ತಾರೆ, ಹಾಗಾಗಿ ನಂಬರ್ ಮತ್ತು ರೆಜಿಮೆಂಟ್ ಹಾಕಿ ನೋಡಿ, ಊರಿಗೆ ಬೆಳಗಾವಿ ಅಂತ ಅಲ್ಲ, ಬೆಲ್ಗಾಮ್ ಅಂತ ಹಾಕಿ. ಒಂದು ವಿಷಯ ಗೊತ್ತಿರಲಿ, ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರಿತ್ತು, ನಮ್ಮ ಸಾಮಾನ್ಯ ಸಿಪಾಯಿಗಳದ್ದು ಇಷ್ಟು ಜನ ಸತ್ರು ಅನ್ನೋ ಬರೀ ಲೆಕ್ಕ. ಈ ಥರದ ಭೇದಭಾವಕ್ಕೆ ಕಮಿಷನ್ 2021ರಲ್ಲಿ ಕ್ಷಮೆ ಕೇಳಿತು. ನೂರು ವರ್ಷ ಆದ್ಮೇಲೆ! ಅದಕ್ಕೇ ಈ ಹುಡುಕಾಟ ಮನೆಯವರೇ ಮಾಡಬೇಕು ಅನ್ನೋದು ನನ್ನ ಮಾತು.

ಬದುಕಿ ವಾಪಸ್ ಬಂದೋರದ್ದು ಸ್ವಲ್ಪ ಕಷ್ಟ. ನಂಬರ್ ಸಮೇತ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರಿಗೆ ಪತ್ರ ಬರೀರಿ, ಪಿಂಚಣಿ ಬರ್ತಿದ್ರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ. ಏನೂ ಸಿಗಲಿಲ್ಲ ಅಂದ್ರೆ ಆ ಬೆಟಾಲಿಯನ್ನಿನ ವಾರ್ ಡೈರಿ, ಅಂದ್ರೆ ಯುದ್ಧದ ದಿನಚರಿ, ಹಿಡೀರಿ, ಮೊದಲ ಯುದ್ಧದವು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿವೆ. ಅದರಲ್ಲಿ ಸಿಪಾಯಿ ಹೆಸರು ಸಿಗೋದು ಅಪರೂಪ, ಅಧಿಕಾರಿಗಳದ್ದೇ ಜಾಸ್ತಿ. ಆದ್ರೂ ಯಾವ ದಿನ ಪಲ್ಟನ್ ಎಲ್ಲಿತ್ತು, ಎಷ್ಟು ಜನ ಸತ್ರು, ಎಲ್ಲಾ ತಾರೀಖಿನ ಪ್ರಕಾರ ಇರುತ್ತೆ, ಭರ್ತಿಯಾದ ತಾರೀಖು ಜೊತೆಗಿಟ್ಟು ನೋಡಿದ್ರೆ ಅಜ್ಜ ಎಲ್ಲಿದ್ದಿರಬಹುದು ಅಂತ ಬಹಳಷ್ಟು ತಿಳಿಯುತ್ತೆ.

ಬರೆದಿಡುವಾಗ ಕಾಗದದಲ್ಲಿ ಸಿಕ್ಕಿದ್ದು ಬೇರೆ, ಮನೇಲಿ ಕೇಳಿದ್ದು ಬೇರೆ ಅಂತ ಇಡಿ. ಎಲ್ಲಕ್ಕಿಂತ ಮೊದಲು ಮನೇಲಿ ಇನ್ನೂ ಇರೋ ಹಿರಿಯರನ್ನ ಕೂರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಆರ್ಕೈವ್ಸ್ ಮುಂದಿನ ವರ್ಷವೂ ಇರುತ್ತೆ.