ಪಾರಿಜಾತದ 22 ಟ್ರ್ಯಾಕುಗಳನ್ನು ಪಳಗಿಸಿದ ನನ್ನ ಅನುಭವ

ಶ್ರೀಕೃಷ್ಣ ಪಾರಿಜಾತ ಬಯಲಾಟದ ಇಡೀ ರಾತ್ರಿಯ ಆಟವನ್ನು 22 ಬೇರೆ ಬೇರೆ ಟ್ರ್ಯಾಕುಗಳಲ್ಲಿ (ಒಂದೊಂದು ಮೈಕಿಗೆ ಒಂದೊಂದು ಧ್ವನಿಪಟ್ಟಿ) ರೆಕಾರ್ಡ್ ಮಾಡಿಕೊಂಡು, ಮೂರು ಕ್ಯಾಮೆರಾಗಳ ದೃಶ್ಯಕ್ಕೆ ಹೊಂದಿಸಿ, ಕಂಪ್ಯೂಟರ್ ಎಲ್ಲಿಯೂ ತಡವರಿಸದಂತೆ ಎಡಿಟಿಂಗ್ ಮುಗಿಸಿದ್ದೇನೆ. ಇದು ಆಗದ ಕೆಲಸವೆಂದು ಹೇಳಿದವರಲ್ಲಿ ನನಗಿಂತ ಹೆಚ್ಚು ವರ್ಷ ಈ ವೃತ್ತಿಯಲ್ಲಿರುವ ಬೆಳಗಾವಿಯ ಗೆಳೆಯರೂ ಇದ್ದರು. ಸೌಂಡ್ ಸಿಸ್ಟಮ್ಮಿನ ಮಾಲೀಕರಂತೂ ವೈರುಗಳನ್ನು ಎಣಿಸಿ, "ಬಿಡ್ರಿ ಸರ, ನಮ್ಮ ಮಿಕ್ಸರಿಂದ ಎರಡ ವೈರ್ ಎಳಕೋರಿ, ಸ್ಟೀರಿಯೊ ಸಾಕ್ರಿ" ಎಂದಿದ್ದರು.

ಆ ಸ್ಟೀರಿಯೊವನ್ನು ನಂಬಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಲೋಕಾಪುರದ ಕಡೆಯ ಒಂದು ಊರಿನಲ್ಲಿ ಅದೇ ಆಟವನ್ನು ಚಿತ್ರೀಕರಿಸಿದಾಗ ಮಿಕ್ಸರಿನ ಎರಡು ವೈರುಗಳನ್ನೇ ತೆಗೆದುಕೊಂಡಿದ್ದೆ. ಮಿಕ್ಸರಿನ ಮುಂದೆ ಕುಳಿತವನು ಬಯಲಿನ ಜನಕ್ಕೆ ಕೇಳಿಸಬೇಕೆಂದು ಫೇಡರ್ ಏರಿಸುತ್ತಾನೆಯೇ ಹೊರತು ನನ್ನ ವಿಡಿಯೊಗಾಗಿ ಅಲ್ಲ. ಮನೆಗೆ ಬಂದು ಕೇಳಿದರೆ ಹಾರ್ಮೋನಿಯಂ ಎಲ್ಲವನ್ನೂ ನುಂಗಿತ್ತು. ದೂತಿಯೂ ಭಾಗವತರೂ ಒಬ್ಬರ ಮಾತಿಗೆ ಒಬ್ಬರು ಎದುರುತ್ತರ ಕೊಡುವ ಭಾಗದಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ, ಮತ್ತು ಒಮ್ಮೆ ಬೆರೆತ ಹಾರ್ಮೋನಿಯಮ್ಮನ್ನು ಮತ್ತೆ ಬೇರ್ಪಡಿಸುವ ಯಾವ ಉಪಾಯವೂ ಫಲಿಸಲಿಲ್ಲ. ಒಪ್ಪಿಕೊಂಡಿದ್ದ 40,000 ರೂಪಾಯಿಯಲ್ಲಿ ಆಟ ಆಡಿಸಿದವರು 15,000 ಹಿಡಿದುಕೊಂಡರು. ಅವರದು ತಪ್ಪೆಂದು ನನಗೆ ಅನ್ನಿಸಲಿಲ್ಲ.

ಮರುವರ್ಷ ಮುಧೋಳ ತಾಲೂಕಿನ ಒಂದು ಜಾತ್ರೆಯಲ್ಲಿ 32 ಚಾನೆಲ್ಲಿನ ಡಿಜಿಟಲ್ ಮಿಕ್ಸರ್ ಬಾಡಿಗೆಗೆ ತಂದು, ಅದರ ಯುಎಸ್‌ಬಿಯಿಂದ ನೇರವಾಗಿ ಲ್ಯಾಪ್‌ಟಾಪಿಗೆ ಪ್ರತಿಯೊಂದು ಮೈಕನ್ನೂ ಪ್ರತ್ಯೇಕವಾಗಿ ತೆಗೆದುಕೊಂಡೆ. ವೇಷಧಾರಿಗಳಿಗೆ ಎಂಟು, ಹಿಮ್ಮೇಳಕ್ಕೆ ಆರು, ಹಾರ್ಮೋನಿಯಮ್ಮಿಗೆ ಒಂದು, ತಬಲಾಕ್ಕೆ ಎರಡು, ತಾಳಕ್ಕೆ ಒಂದು, ರಂಗದ ಮೇಲೆ ತೂಗುಹಾಕಿದ್ದು ಎರಡು, ಜನರ ನಡುವೆ ಎರಡು. ಮೊದಲು ಎಲ್ಲ ಚಾನೆಲ್ಲುಗಳನ್ನೂ ಒಂದೇ ವೇವ್ ಫೈಲಿಗೆ ತುಂಬಲು ಹೋಗಿ ಪೂರ್ವರಂಗದಲ್ಲೇ ಪೆಟ್ಟು ತಿಂದೆ. 48,000 ಹರ್ಟ್ಸ್, 24 ಬಿಟ್ಟಿನಲ್ಲಿ 22 ಚಾನೆಲ್ಲಿನ ಫೈಲು ಇಪ್ಪತ್ತೆರಡು ನಿಮಿಷ ಚಿಲ್ಲರೆಗೆ 4 ಜಿಬಿಯ ಮಿತಿ ಮುಟ್ಟಿ ನಿಂತುಬಿಟ್ಟಿತು. ಪ್ರತಿ ಮೈಕಿಗೂ ಒಂದೊಂದು ಮೋನೊ ಫೈಲ್ ಮಾಡಿದರೆ ಐದು ಗಂಟೆಗೆ ತಲಾ ಸುಮಾರು 2.6 ಜಿಬಿ ಮಾತ್ರ ಆಗುತ್ತದೆ, ಮಿತಿಯ ಭಯವಿರುವುದಿಲ್ಲ. ನಡುರಾತ್ರಿ ಕರೆಂಟು ಹೋಗಿ ಜನರೇಟರಿಗೆ ಬದಲಾಯಿಸುವಾಗ ಮಿಕ್ಸರ್ ಆರಿ, ಮುಕ್ಕಾಲು ನಿಮಿಷದಷ್ಟು ಹಾಡು ಹೋಯಿತು. ಅಂದಿನಿಂದ 4,500 ರೂಪಾಯಿಯ ಒಂದು ಯುಪಿಎಸ್ ನನ್ನ ಗಾಡಿಯಲ್ಲೇ ಇರುತ್ತದೆ.

ನಿಜವಾದ ಕಷ್ಟ ಶುರುವಾದದ್ದು ನವನಗರದ ನನ್ನ ಕೋಣೆಯಲ್ಲಿ. 22 ಆಡಿಯೊ ಟ್ರ್ಯಾಕು, ಮೂರು ವಿಡಿಯೊ ಟ್ರ್ಯಾಕು ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿಗೆ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಇಳಿದ ಕೂಡಲೇ ಪ್ಲೇ ಒತ್ತಿದರೆ ಎರಡು ಸೆಕೆಂಡಿಗೊಮ್ಮೆ ನಿಲ್ಲುತ್ತಿತ್ತು, ಒಂದು ಕತ್ತರಿ ಹಾಕಿದರೆ ಪರದೆ ಹೆಪ್ಪುಗಟ್ಟಿದಂತಾಗುತ್ತಿತ್ತು. ಕಂಪ್ಯೂಟರಿಗೆ ಶಕ್ತಿ ಸಾಲದೆಂದು ತಿಳಿದು 14,000 ರೂಪಾಯಿ ಕೊಟ್ಟು ರ್‍ಯಾಮ್ ಏರಿಸಿದೆ, 24,000 ಕೊಟ್ಟು ಗ್ರಾಫಿಕ್ಸ್ ಕಾರ್ಡ್ ತಂದೆ, ಆದರೆ ಪರಿಸ್ಥಿತಿ ಎಳ್ಳಷ್ಟೂ ಸುಧಾರಿಸಲಿಲ್ಲ. ಕೊನೆಗೆ ಒಂದು ಸಂಜೆ ಹಾಳೆಯ ಮೇಲೆ ಲೆಕ್ಕ ಹಾಕಿದೆ. 22 ಟ್ರ್ಯಾಕುಗಳೂ ಸೇರಿ ಸೆಕೆಂಡಿಗೆ ಬೇಡುವುದು ಮೂರು ಎಂಬಿ ಚಿಲ್ಲರೆ ಮಾತ್ರ, ಅಂದರೆ ಹಳೆಯ ಹಾರ್ಡ್ ಡಿಸ್ಕಿಗೂ ಅದು ಭಾರವಲ್ಲ. ಭಾರವಾದದ್ದು ಓಡಾಟ. ತಿರುಗುವ ಡಿಸ್ಕಿನ ಮುಳ್ಳು ಒಂದೇ ಹೊತ್ತಿಗೆ 22 ಆಡಿಯೊ ಫೈಲುಗಳಿಗೂ ಮೂರು ವಿಡಿಯೊ ಫೈಲುಗಳಿಗೂ ಜಿಗಿಯಬೇಕಾಗಿತ್ತು. 6,000 ರೂಪಾಯಿಯ ಆಸುಪಾಸಿನಲ್ಲಿ ಒಂದು ಟಿಬಿಯ ಎಸ್‌ಎಸ್‌ಡಿ ತಂದು ಆಡಿಯೊವನ್ನಷ್ಟೇ ಅದರಲ್ಲಿ ಇಟ್ಟೆ. ಮುಕ್ಕಾಲು ಪಾಲು ತೊಂದರೆ ಅಂದೇ ನಿಂತಿತು. ಮೊದಲೇ ಲೆಕ್ಕ ಹಾಕಿದ್ದರೆ 38,000 ರೂಪಾಯಿ ಉಳಿಯುತ್ತಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ.

ಉಳಿದ ಕಾಲು ಪಾಲಿಗೆ ನಾನು ಕಂಡುಕೊಂಡ ವಿಧಾನ ಇದು. ಆ ವೇಳೆಗೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶಕ್ಕೆ ಬಂದಿದ್ದೆ. ಮೊದಲಿಗೆ ಇಡೀ ರಾತ್ರಿಯ ಆಡಿಯೊಗೆ ಮಾತ್ರ ಮೀಸಲಾದ ಒಂದು ಟೈಮ್‌ಲೈನ್ ಮಾಡಿ, 22 ಟ್ರ್ಯಾಕುಗಳಿಗೂ ವೇಷದ ಅಥವಾ ವಾದ್ಯದ ಹೆಸರಿಟ್ಟು, ಅವುಗಳನ್ನು ಮಾತು, ಹಾಡು, ವಾದ್ಯ, ಬಯಲು ಎಂಬ ನಾಲ್ಕು ಬಸ್ಸುಗಳಿಗೆ (ಹಲವು ಟ್ರ್ಯಾಕುಗಳು ಒಟ್ಟಾಗಿ ಹರಿಯುವ ದಾರಿಗಳಿಗೆ) ಕಟ್ಟಿದೆ. ಅವನ್ನೆಲ್ಲ ಒರಟಾಗಿ ಬೆರೆಸಿ ಒಂದು ಸ್ಟೀರಿಯೊ ಫೈಲ್ ರೆಂಡರ್ ಮಾಡಿಕೊಂಡು, ಅದನ್ನು ಅದೇ ಟೈಮ್‌ಲೈನಿನಲ್ಲಿ, ಅದೇ ಆರಂಭದ ಬಿಂದುವಿಗೆ, 23ನೆಯ ಟ್ರ್ಯಾಕಾಗಿ ಇಟ್ಟೆ. ಅನಂತರ ಮೇಲಿನ 22 ಟ್ರ್ಯಾಕುಗಳ ಕ್ಲಿಪ್ಪುಗಳನ್ನು ಡಿಸೇಬಲ್ ಮಾಡಿದೆ. ಮ್ಯೂಟ್ ಮಾಡಿದರೆ ಸಾಲದು, ನನ್ನ ಯಂತ್ರದಲ್ಲಿ ಮ್ಯೂಟ್ ಆದ ಟ್ರ್ಯಾಕೂ ಹೊರೆಯಾಗಿಯೇ ಉಳಿಯುತ್ತಿತ್ತು. ಈ ಟೈಮ್‌ಲೈನನ್ನೇ ಒಂದು ಕ್ಲಿಪ್ಪಿನಂತೆ ಎತ್ತಿ ಎಡಿಟಿಂಗ್ ಟೈಮ್‌ಲೈನಿಗೆ ಹಾಕಿದಾಗ ಅಲ್ಲಿ ಕಾಣುವುದು ಒಂದೇ ಆಡಿಯೊ ಪಟ್ಟಿ. ಮೂರು ಕ್ಯಾಮೆರಾಗಳನ್ನು ಅದಕ್ಕೆ ಹೊಂದಿಸಿ ಎಷ್ಟು ಸಾವಿರ ಕತ್ತರಿ ಹಾಕಿದರೂ ಕಂಪ್ಯೂಟರ್ ಓದುವುದು ಒಂದು ಸ್ಟೀರಿಯೊ ಫೈಲನ್ನು ಮಾತ್ರ. ದೃಶ್ಯದ ಕೆಲಸವೆಲ್ಲ ಮುಗಿದ ಮೇಲೆ ಒಳಗಿನ ಟೈಮ್‌ಲೈನ್ ತೆರೆದು 23ನೆಯದನ್ನು ಡಿಸೇಬಲ್ ಮಾಡಿ 22ನ್ನೂ ಎಬ್ಬಿಸಿದರೆ, ಹೊರಗಿನ ಪ್ರತಿ ತುಂಡಿನಲ್ಲೂ ಪೂರ್ಣ ಧ್ವನಿ ತಾನಾಗಿ ಬಂದು ಕೂರುತ್ತದೆ. ಬೆಳಗಾವಿಯ ಗೆಳೆಯರಿಗೆ ಇದನ್ನು ತೋರಿಸಿದಾಗ ಅವರು ಎರಡು ಸಲ ಮಾಡಿಸಿ ನೋಡಿದರು.

ಒಳಗಿನ ಟೈಮ್‌ಲೈನಿಗೆ ಆಮೇಲೆ ಕತ್ತರಿ ಹಾಕಬಾರದು ಎಂಬ ಒಂದು ನಿಯಮವನ್ನು ನಾನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಹಾಗಾಗಿ ಸಿಂಕಿನ (ದೃಶ್ಯ-ಧ್ವನಿ ಹೊಂದಾಣಿಕೆಯ) ಜಾರುವಿಕೆಯನ್ನು ಮೊದಲೇ ಸರಿಪಡಿಸಿರಬೇಕು. ಆಟದ ಆರಂಭದಲ್ಲಿ ಕ್ಲಾಪಿನ ಸದ್ದಿಗೆ ದೃಶ್ಯವನ್ನು ಕೂಡಿಸಿದ್ದರೂ ಐದನೆಯ ಗಂಟೆಯ ಹೊತ್ತಿಗೆ ಧ್ವನಿ ಮುಖ್ಯ ಕ್ಯಾಮೆರಾಕ್ಕಿಂತ ಹದಿನಾಲ್ಕು ಫ್ರೇಮಿನಷ್ಟು (ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು) ಮುಂದೆ ಹೋಗಿತ್ತು, ಏಕೆಂದರೆ ಕ್ಯಾಮೆರಾದ ಗಡಿಯಾರವೂ ಮಿಕ್ಸರಿನ ಗಡಿಯಾರವೂ ಕೂದಲೆಳೆಯಷ್ಟು ಬೇರೆಯಾಗಿ ನಡೆಯುತ್ತವೆ. ವೇಗ ಬದಲಿಸಿ ಸರಿಪಡಿಸಲು ನೋಡಿದೆ. ಶೇಕಡಾ 0.01ರಷ್ಟು ಬದಲಿಸಿದರೂ ಐದು ಗಂಟೆಗೆ 1.8 ಸೆಕೆಂಡು ಆಗುವುದರಿಂದ ಅದು ರೋಗಕ್ಕಿಂತ ದೊಡ್ಡ ಮದ್ದಾಯಿತು. ಆದ್ದರಿಂದ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಹಾಡು ಮುಗಿದು ಹಾರ್ಮೋನಿಯಂ ನಿಂತ ಕಡೆ 22 ಟ್ರ್ಯಾಕುಗಳನ್ನೂ ಒಟ್ಟಿಗೆ ಕತ್ತರಿಸಿ ಒಂದು ಫ್ರೇಮ್ ಹಿಂದಕ್ಕೆ ಸರಿಸಿದೆ. ಆ ಬಿರುಕಿಗೆ ಬಯಲಿನ ಮೈಕಿನ ಗದ್ದಲವನ್ನು ತೇಪೆ ಹಾಕಿದರೆ ಯಾರ ಕಿವಿಗೂ ತಿಳಿಯುವುದಿಲ್ಲ.

ಈ ನಡುವೆ ಒಂದು ಪ್ರಯೋಗದಲ್ಲಿ ಮೂರು ದಿನ ಕಳೆದೆ. ಜನರ ನಡುವಿನ ಮೈಕುಗಳನ್ನು ಬೆರೆಸಿದ ತಕ್ಷಣ ಸತ್ಯಭಾಮೆಯ ಹಾಡು ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ರಂಗದಿಂದ ಮೈಕಿಗೆ ಹದಿನೆಂಟು ಮೀಟರ್ ಇತ್ತೆಂದು ಲೆಕ್ಕ ಹಾಕಿ 52 ಮಿಲಿಸೆಕೆಂಡು ಮುಂದಕ್ಕೆ ಎಳೆದರೂ ಸರಿಹೋಗಲಿಲ್ಲ. ಆ ಮೈಕಿಗೆ ಕೇಳಿಸಿದ್ದು ಪಾತ್ರಧಾರಿಯ ಗಂಟಲಲ್ಲ, ಹನ್ನೆರಡು ಮೀಟರ್ ದೂರದ ಸ್ಪೀಕರ್ ಬಾಕ್ಸು ಎಂಬುದು ಮೂರನೆಯ ದಿನ ಹೊಳೆಯಿತು. ಹನ್ನೆರಡು ಮೀಟರಿಗೆ 35 ಮಿಲಿಸೆಕೆಂಡು. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮೇ 40 ಮಿಲಿಸೆಕೆಂಡು ಆಗುವುದರಿಂದ ಇದನ್ನು ಫ್ರೇಮ್ ಲೆಕ್ಕದಲ್ಲಿ ಸರಿಸಲಾಗದು. ರಿಸಾಲ್ವ್‌ನ ಧ್ವನಿ ಕೆಲಸದ ಫೇರ್‌ಲೈಟ್ ಪುಟದಲ್ಲಿ 1,680 ಸ್ಯಾಂಪಲ್ (ಒಂದು ಸೆಕೆಂಡಿಗೆ 48,000 ಸ್ಯಾಂಪಲ್) ಎಳೆದ ಮೇಲೆ ಬಾವಿ ಮಾಯವಾಗಿ ಬಯಲು ಬಂತು. ಪಕ್ಕದ ಸದ್ದು ತಡೆಯಲು ಎಂಟು ವೇಷಗಳ ಮೈಕಿಗೂ ಗೇಟ್ (ಸದ್ದು ಸಣ್ಣದಾದಾಗ ಮೈಕನ್ನು ತಾನಾಗಿ ಮುಚ್ಚುವ ಸಾಧನ) ಹಾಕಿದ್ದು ಮಾತ್ರ ವ್ಯರ್ಥವಾಯಿತು. ದೂತಿಯ ಪ್ರತಿ ಮಾತಿನ ಮೊದಲ ಅಕ್ಷರ ಕತ್ತರಿಸಿಹೋಯಿತು. ಮಾತಿಲ್ಲದ ಕಡೆ ಫೇಡರನ್ನು ಕೈಯಿಂದಲೇ ಇಳಿಸಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು, ಬೇರೆ ದಾರಿ ನನಗೆ ಸಿಗಲಿಲ್ಲ.

ಹಾರ್ಮೋನಿಯಂ ಜೋರಾಗಿದ್ದರೂ ದೂತಿಯ ಮಾತು ಅದರ ಮೇಲೆ ತೇಲುವಂತೆ ವಾದ್ಯದ ಬಸ್ಸಿನಲ್ಲಿ ಒಂದು ಹೊಂದಾಣಿಕೆ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಆ ಹೊಂದಾಣಿಕೆ ಮಾತಿನ ಬಸ್ಸಿನಲ್ಲಿಲ್ಲ ಎಂಬಷ್ಟನ್ನು ಹುಡುಕುವವರಿಗೆ ಹೇಳಬಲ್ಲೆ.

ಹಳೆಯ ರೀತಿಯಲ್ಲಾದರೆ ನಲವತ್ತು ದಿನ ಬೇಡುತ್ತಿದ್ದ ಕೆಲಸ ಈ ಸಲ ಹದಿನೇಳೋ ಹದಿನೆಂಟೋ ದಿನಗಳಲ್ಲಿ ಮುಗಿಯಿತು. 55,000 ರೂಪಾಯಿ ಕೇಳಿದ್ದೆ, ಪೂರ್ತಿ ಕೊಟ್ಟರು. ಮಿಕ್ಸರ್ ಬಾಡಿಗೆ, ಇಬ್ಬರು ಹುಡುಗರ ಕೂಲಿ, ಗಾಡಿಯ ಡೀಸೆಲ್ ಕಳೆದು ಮೂವತ್ತು ಸಾವಿರದ ಹತ್ತಿರ ಕೈಯಲ್ಲಿ ಉಳಿಯಿತು. ಈಗ ಜಮಖಂಡಿ ಕಡೆಯ ಇನ್ನೊಂದು ಮೇಳದವರು ಕೇಳಿದ್ದಾರೆ. ಅವರ ಹಿಮ್ಮೇಳ ದೊಡ್ಡದು, 28 ಟ್ರ್ಯಾಕಾದರೂ ಬೇಕಾಗುತ್ತದೆ. ಎರಡು ವೈರ್ ಸಾಕೆಂದಿದ್ದ ಅದೇ ಸೌಂಡ್ ಸಿಸ್ಟಮ್ಮಿನವರು ಈ ಸಲ ಅದಕ್ಕೆ ಬೇಕಾದ ಕೇಬಲ್ಲುಗಳನ್ನು ತಾವೇ ತರುತ್ತೇವೆ ಎಂದಿದ್ದಾರೆ.